ಹತ್ತು ದಿನ ಕಾಯುತ್ತಿದ್ದ ಅಂಕಲ್

ಹೋದ ವಾರ ಹೆಂಡತಿ ಹೊಲಿಗೆ ಯಂತ್ರ ಬಿಚ್ಚಿಕೊಂಡು ಕೂತಿದ್ದಳು. ಎಣ್ಣೆ ಡಬ್ಬಿಯ ಮೂತಿ ಒತ್ತಿ ಎರಡು ತೊಟ್ಟು ಬಿಟ್ಟಳೋ ಇಲ್ಲವೋ, ಆ ವಾಸನೆ ಮನೆಯೆಲ್ಲ ಹರಡಿತು. ಸ್ಯಾನ್ ಡಿಯೇಗೋದ ಫೋರ್ ಎಸ್ ರ್ಯಾಂಚಿನ ನಮ್ಮ ಈ ಹೊಸ ಮನೆಯಲ್ಲಿ ಸಾರಿನ ಒಗ್ಗರಣೆಯ ಘಮ ಕೂಡ ಎರಡು ನಿಮಿಷ ನಿಲ್ಲುವುದಿಲ್ಲ, ಅಷ್ಟು ಫ್ಯಾನುಗಳಿವೆ. ಎಣ್ಣೆಯ ವಾಸನೆ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಮೊದಲು ನಾವಿದ್ದ ಚಾಟ್ಸ್‌ವರ್ತಿನ ಪಕ್ಕದ ಮನೆಯ ಅಂಕಲ್ ನೆನಪಾದರು... ಬಾಗಿಲು ಕಿರುಗುಟ್ಟಿದರೂ, ಬಂದೂಕು ಒರೆಸುವುದಾದರೂ ಅವರು ಬಳಸುತ್ತಿದ್ದದ್ದು ಇದೇ ಎಣ್ಣೆ.

ಕೊರೋನಾ ಶುರುವಾದ ವರ್ಷ ನಾವು ಅಲ್ಲಿಗೆ ಬಾಡಿಗೆಗೆ ಹೋದೆವು. ಲಾಸ್ ಏಂಜಲೀಸಿನಲ್ಲಿದ್ದೇವೆ ಎಂದು ಊರಿನವರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆವು; ನಿಜವಾಗಿ ಮನೆಯ ಹಿಂದೆ ಇದ್ದದ್ದು ಸಣ್ಣ ಸಣ್ಣ ವರ್ಕ್‌ಶಾಪುಗಳ ಸಾಲು. ಅಂಕಲ್ ಅಂಥದ್ದೊಂದರಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತು, ವಿಮಾನದ ಬಿಡಿಭಾಗಗಳನ್ನು ಕಡೆದು ರಿಟೈರ್ ಆದವರು. ಧಾರವಾಡದ ಕಡೆಯವರು. ಆಂಟಿ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾವು ಹೋದ ಮೊದಲ ದಿನವೇ ಬೇಲಿಯಾಚೆಯಿಂದ ಮಾಸ್ಕ್ ಕೆಳಗೆ ಸರಿಸಿ ಕೂಗಿದ್ದರು: "ಕನ್ನಡದವರೇನ್ರಿ? ನಿಮ್ಮ ಕುಕ್ಕರಿನ ಸೀಟಿ ಕೇಳಿದ ಕೂಡ್ಲೇ ನಮ್ಮ ಮಂದೀನ ಇರಬೇಕ ಅಂದ್ಕೊಂಡೆ!"

ಲಸಿಕೆ ಬಂದ ಮೇಲೆ ಒಂದು ಬೆಳಿಗ್ಗೆ ಚಹಾಕ್ಕೆ ಕರೆದರು. ಮುಂದಿನ ಕೋಣೆಯ ಗೋಡೆಯುದ್ದಕ್ಕೂ ಬೀಗ ಹಾಕಿದ ಉಕ್ಕಿನ ಕಪಾಟುಗಳಿದ್ದವು. ಆಂಟಿಯ ಪಾತ್ರೆ, ಸೀರೆಗಳೇನೋ ಅಂದುಕೊಂಡೆ. ಅಂಕಲ್ ಒಂದರ ಬೀಗ ತೆಗೆದರು. ಒಳಗೆ ಸಾಲಾಗಿ ಬಂದೂಕುಗಳು. ಎರಡನೆಯದನ್ನು ತೆಗೆದರು, ಅದರಲ್ಲೂ ಬಂದೂಕುಗಳು. ಉದ್ದದವು, ಗಿಡ್ಡದವು, ಒಟ್ಟು ನಲವತ್ತರ ಹತ್ತಿರ. ಕೈಯಲ್ಲಿದ್ದ ಚಹಾ ಎಲ್ಲಿಡಬೇಕೆಂದೂ ತಿಳಿಯಲಿಲ್ಲ. ಇಲಿ ಕಂಡರೆ ಸೋಫಾ ಹತ್ತುವ ಗಂಡಸು ನಾನು.

ಅವರು ಮಾತ್ರ ಒಂದನ್ನು ಕೈಗೆತ್ತಿಕೊಂಡು, ಹಳೇ ಧೋತರದ ಚೂರಿಗೆ ಎಣ್ಣೆ ಹಚ್ಚಿ ಒರೆಸುತ್ತಾ ಕುಳಿತರು. ದಿನಕ್ಕೊಂದರಂತೆ ಸರದಿ ಪ್ರಕಾರ ಒರೆಸುತ್ತಿದ್ದರಂತೆ. ಲೋಹ ಎಷ್ಟು ಹದವಾಗಿ ಕೊರೆದಿದ್ದಾರೆ ನೋಡು ಎಂದು ನಳಿಗೆಯ ಒಳಗೆ ಬೆಳಕು ಬಿಟ್ಟು ತೋರಿಸಿದರು. ಅವುಗಳಲ್ಲಿ ಒಂದರಿಂದಲೂ ಅವರು ಒಂದು ಗುಬ್ಬಿಯನ್ನೂ ಹೊಡೆದಿರಲಿಲ್ಲ. ಧೈರ್ಯ ಮಾಡಿ ಕೇಳಿಯೇಬಿಟ್ಟೆ, ಅಂಕಲ್, ಇಷ್ಟೊಂದು ಯಾಕೆ ಎಂದು.

ಅವರು ಒರೆಸುತ್ತಲೇ, ತಲೆಯೆತ್ತದೆ ಹೇಳಿದರು: "ಇಲ್ಲಿ ಒಂದ ಬಂದೂಕ ತೊಗೊಂಡ್ರ ಅಂಗಡೀಗೆ ಎರಡ ಸಲ ಹೋಗಬೇಕಪಾ. ಒಮ್ಮೆ ಕಾಗದಾ ಬರದ ಕೊಡಾಕ, ಹತ್ತ ದಿನಾ ಬಿಟ್ಟು ತರಾಕ. ಸರಕಾರದ ರೂಲು. ನಾ ಒಳಗ ಕಾಲಿಟ್ಟ ಕೂಡ್ಲೇ ಅವರು ಹೆಸರ ಹಿಡದು ಕರೀತಾರ. ಕಾಫಿ ಕೊಡ್ತಾರ. ನಡುವಿನ ಹತ್ತ ದಿನಾ ಹೆಂಗ ಹೋಗ್ತಾವ ಅನ್ನೋದ ಗೊತ್ತಾಗಂಗಿಲ್ಲ ನೋಡು."

ಆಂಟಿ ಹೋದ ಮರುವರ್ಷ ಅವರು ಮೊದಲನೆಯದನ್ನು ತಂದದ್ದಂತೆ. ಆಮೇಲೆ ವರ್ಷಕ್ಕೆ ಮೂರೋ ನಾಲ್ಕೋ... ಚಹಾ ಆರಿ ಹೋಗಿತ್ತು, ಅದನ್ನೇ ಕುಡಿದೆ.

ಆ ಸುತ್ತಮುತ್ತಲಿನ ಕನ್ನಡಿಗರದೊಂದು ವಾಟ್ಸ್ಯಾಪ್ ಗುಂಪಿತ್ತು. ಅದಕ್ಕೆ ನಾನೇ ಅಡ್ಮಿನ್. ಅಂಕಲ್ ಅವರನ್ನು ಸೇರಿಸಿದವನೂ ನಾನೇ. ಅವರು ದಿನಾ ಬೆಳಿಗ್ಗೆ ಹೂವಿನ ಚಿತ್ರದ ಶುಭೋದಯ ಕಳಿಸುತ್ತಿದ್ದರು; ಯಾರೂ ಉತ್ತರ ಕೊಡುತ್ತಿರಲಿಲ್ಲ, ಅವರೂ ಬಿಡುತ್ತಿರಲಿಲ್ಲ. ಆ ವರ್ಷದ ನವರಾತ್ರಿ ಬಂತು. ಬೆಂಗಳೂರಿನವರಾದ ನಮಗೆ ಆಯುಧ ಪೂಜೆ ಎಂದರೆ ಕಾರಿನ ಚಕ್ರದಡಿ ನಿಂಬೆಹಣ್ಣು, ಅಷ್ಟೇ. ಅವರ ಕಡೆ ಅದು ಖಂಡೇಪೂಜೆ. ಮರುದಿನ ದಸರೆಗೆ ಬನ್ನಿ ಮರದ ಎಲೆಯನ್ನು ಒಬ್ಬರಿಗೊಬ್ಬರು ಕೊಟ್ಟು, ಬಂಗಾರದಂತಿರೋಣ ಎಂದು ಹೇಳಿ, ಕಿರಿಯರು ಹಿರಿಯರ ಕಾಲು ಮುಟ್ಟುವ ಪದ್ಧತಿ. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಎಲೆ ಹಿಡಿದು ಮನೆಗೆ ಹೋಗುತ್ತಾರಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಪೂಜೆಯ ಮಧ್ಯಾಹ್ನ ಅಂಕಲ್ ಗುಂಪಿಗೊಂದು ಫೋಟೋ ಹಾಕಿದರು. ಕೆಂಪು ಬಟ್ಟೆಯ ಮೇಲೆ ನಲವತ್ತು ಬಂದೂಕು, ಪ್ರತಿಯೊಂದಕ್ಕೂ ಕುಂಕುಮ, ಒಂದೊಂದು ಸೇವಂತಿಗೆ. ಕೆಳಗೆ ಬರೆದಿದ್ದರು: "ಖಂಡೇಪೂಜಾ ಆತು. ನಾಳೆ ಬನ್ನಿ ಕೊಡಾಕ ಎಲ್ಲಾರೂ ನಮ್ಮನೀಗೆ ಬರ್ರಿ. ಹೋಳಿಗಿ ಮಾಡೀನಿ."

ಗುಂಪು ಹೊತ್ತಿಕೊಂಡಿತು. "ಇರೋದು ಎರಡು ಕೈ, ನಲವತ್ತು ಗನ್ ಯಾಕ್ರೀ?" ಎಂದರೊಬ್ಬರು. ಮಂಗಳೂರಿನವರೊಬ್ಬರು, "ನಮ್ಮ ಅತ್ತೆ ಹತ್ರ ನಾನೂರು ಸೀರೆ ಉಂಟು ಮಾರಾಯ್ರೆ, ಯಾರೂ ಕೇಳುದಿಲ್ಲ" ಎಂದು ಬರೆದರು. "ಸೀರೆ ಗುಂಡು ಹಾರಿಸಲ್ವಲ್ಲ" ಎಂದು ಉತ್ತರ ಬಂತು. ಹವ್ಯಾಸ ಎಂದರು ಕೆಲವರು, ಭಯ ಎಂದರು ಕೆಲವರು, ತಲೆ ಸರಿಯಿಲ್ಲ ಎಂದರು ಬಹಳ ಜನ. ಒಬ್ಬ ತಾಯಿ ಬರೆದರು: "ಸ್ಕೂಲಲ್ಲಿ ನನ್ ಮಗಳು ಯಾರಾದ್ರೂ ಗನ್ ಹಿಡ್ಕೊಂಡು ನುಗ್ಗಿದ್ರೆ ಅಂತ ಬೆಂಚಿನ ಕೆಳಗೆ ಬಚ್ಚಿಟ್ಕೊಳ್ಳೋ ಡ್ರಿಲ್ ಮಾಡ್ತಾಳೆ. ನಾನು ಇದಕ್ಕೆ ಹೂ ಹಾಕಿರೋದನ್ನ ನೋಡಬೇಕಾ?" ಆಕೆಯ ಮಾತು ಸುಳ್ಳಾಗಿರಲಿಲ್ಲ. ಆದರೆ ಎಲ್ಲರೂ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ಆ ಗುಂಪಿನಲ್ಲಿ ನಾನೊಬ್ಬನೇ. ಎರಡು ಸಾಲು ಟೈಪ್ ಮಾಡಿದೆ. ಗನ್ ಅಂಕಲ್‌ನ ವಕೀಲ ಎಂದು ನನ್ನನ್ನೂ ಆಡಿಕೊಂಡಾರು ಎನಿಸಿ ಅಳಿಸಿದೆ.

"ಅವರನ್ನ ತೆಗೆದ್ಬಿಡಿ ರೀ, ಸುಮ್ನೆ ರಗಳೆ ಯಾಕೆ? ಆಮೇಲೆ ಸೇರಿಸಿದ್ರಾಯ್ತು" ಎಂದಳು ಹೆಂಡತಿ. ತೆಗೆದೆ. ಅರ್ಧ ನಿಮಿಷದ ಕೆಲಸ. ಗುಂಪಿನಲ್ಲಿ ಏಳೆಂಟು ಹೆಬ್ಬೆರಳುಗಳು ಎದ್ದು ನಿಂತವು.

ಮರುದಿನ ಅವರ ಮನೆಗೆ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಸಂಜೆ ಐದರ ಹೊತ್ತಿಗೆ ನಮ್ಮ ಬೆಲ್ ಆಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅಂಕಲ್ ನಿಂತಿದ್ದರು. ಒಂದು ಕೈಯಲ್ಲಿ ಹೋಳಿಗೆ ಡಬ್ಬಿ, ಇನ್ನೊಂದರಲ್ಲಿ ಫೋನು.

"ನಿನ್ನೆಯಿಂದ ಯಾರದೂ ಮೆಸೇಜ್ ಬರವಲ್ವು. ಫೋನ್ ಕೆಟ್ಟದೇನ ನೋಡಪಾ, ನೀ ಎಂಜಿನಿಯರ್ ಇದ್ದಿ."

ಫೋನು ಕೈಗೆ ತೆಗೆದುಕೊಂಡೆ. ಗುಂಪಿನ ಪುಟವನ್ನೇ ಅವರು ತೆರೆದಿಟ್ಟಿದ್ದರು. ಕೊನೆಯಲ್ಲಿ ಒಂದೇ ಸಾಲು: ನನ್ನ ಹೆಸರು, ಇಂಥವರು ನಿಮ್ಮನ್ನು ತೆಗೆದುಹಾಕಿದ್ದಾರೆ ಎಂದು. ಅಂಕಲ್‌ಗೆ ಓದಲು ಬರುತ್ತಿತ್ತು. ಇಂಚಿನ ಸಾವಿರದಲ್ಲೊಂದು ಭಾಗವನ್ನು ಅಳೆದು ಬದುಕಿದ ಕಣ್ಣು ಅದು. ನಾನು ಸುಮ್ಮಸುಮ್ಮನೆ ಅಲ್ಲಿ ಇಲ್ಲಿ ಒತ್ತಿದೆ.

"ಅಪ್‌ಡೇಟ್ ಆಗ್ಬೇಕು ಅಂಕಲ್" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಹೌದೇನು... ಆತು ಬಿಡು" ಎಂದರು. ಜೇಬಿನಿಂದ ಒಂದು ಹಿಡಿ ಸಣ್ಣ ಎಲೆ ತೆಗೆದರು. ಬನ್ನಿ ಇಲ್ಲಿ ಸಿಗುವುದಿಲ್ಲ, ಅದರ ಸಂಬಂಧಿ ಎನ್ನುವ ಮುಳ್ಳುಮರವೊಂದು ಬಂದೂಕಿನ ಅಂಗಡಿಯ ಪಾರ್ಕಿಂಗಿನಲ್ಲಿತ್ತಂತೆ. ಎಲೆಗಳನ್ನು ನನ್ನ ಅಂಗೈಗೆ ಹಾಕಿ, "ಬಂಗಾರದಂಗ ಇರೋಣು" ಎಂದರು. ಹಿರಿಯರು ಕಿರಿಯನ ಮನೆಗೆ ಬಂದು ಕೊಟ್ಟರು. ಕಾಲು ಮುಟ್ಟಬೇಕೆಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಬಗ್ಗಲು ಮುಖವಿರಲಿಲ್ಲ.

ಅವರನ್ನು ಗುಂಪಿಗೆ ಮತ್ತೆ ಸೇರಿಸಲಿಲ್ಲ. ಇವತ್ತು ಸೇರಿಸೋಣ, ನಾಳೆ ಸೇರಿಸೋಣ ಎನ್ನುತ್ತಲೇ ಹೋದೆ... ಬೇಲಿಯ ಹತ್ತಿರ ಸಿಕ್ಕರೆ ಹವಾಮಾನದ ಮಾತಾಡುತ್ತಿದ್ದೆವು. ಮರುವರ್ಷ ನನಗೆ ಸ್ಯಾನ್ ಡಿಯೇಗೋದಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಹೇಳಿ ಬರೋಣವೆಂದು ಬೆಲ್ ಒತ್ತಿದೆ. ಮನೆಯಲ್ಲಿರಲಿಲ್ಲ. ಅಂಗಡಿಗೆ ಹೋಗಿದ್ದರೇನೋ.

ನಾವು ಇಲ್ಲಿಗೆ ಬಂದ ಮೇಲೆ ಅವರು ತೀರಿಕೊಂಡದ್ದು ಹೊರಗೆ ಗೊತ್ತಾದದ್ದೂ ಆ ಅಂಗಡಿಯವರಿಂದಲೇ. ಅಂಕಲ್ ಹೊಸದೊಂದಕ್ಕೆ ಕಾಗದ ಬರೆದು ಕೊಟ್ಟು ಬಂದಿದ್ದರಂತೆ. ಹತ್ತನೆಯ ದಿನ ಬರಲಿಲ್ಲ. ಎಂದೂ ತಪ್ಪದ ಮನುಷ್ಯ ಯಾಕೆ ಬರಲಿಲ್ಲವೆಂದು ಹನ್ನೊಂದನೆಯ ದಿನ ಅಂಗಡಿಯವರೇ ಮನೆಗೆ ಹೋಗಿ ಬಾಗಿಲು ಬಡಿದರಂತೆ. ನಮ್ಮವರು ಯಾರೂ ಬಡಿದಿರಲಿಲ್ಲ. ಗುಂಪಿನಲ್ಲಿ ಯಾರೋ ಸುದ್ದಿ ಹಾಕಿದರು. "ಯಾವ ಅಂಕಲ್?" "ಅದೇ, ಗನ್ ಅಂಕಲ್." ಆಮೇಲೆ ಸಾಲಾಗಿ ಓಂ ಶಾಂತಿ. ಪೂರ್ತಿ ಹೆಸರೇನೆಂದು ಒಬ್ಬರು ಕೇಳಿದರು, ಯಾರಿಗೂ ಗೊತ್ತಿರಲಿಲ್ಲ. ನಾನೂ ಓಂ ಶಾಂತಿ ಎಂದು ಬರೆದೆ. ಬರೆದ ಆ ಬೆರಳು ಕಂಡು ನನಗೇ ಅಸಹ್ಯವಾಯಿತು.

ಎಣ್ಣೆಯ ವಾಸನೆ ಬಂದ ಆ ವಾರವೇ ಇಲ್ಲೇ ಹತ್ತಿರದ ಕಾರ್ಮೆಲ್ ವ್ಯಾಲಿಯ ಗೆಳೆಯರೊಬ್ಬರ ಮನೆಯಲ್ಲಿ ಊಟವಿತ್ತು. ಟೀವಿಯಲ್ಲಿ ಯಾವುದೋ ಗುಂಡಿನ ದಾಳಿಯ ಸುದ್ದಿ ಬಂತು, ಮತ್ತೆ ಅದೇ ಚರ್ಚೆ ಎದ್ದಿತು: ಈ ಜನ ಮನೆ ತುಂಬ ಗನ್ ಯಾಕೆ ಇಟ್ಟುಕೊಳ್ಳುತ್ತಾರೆ? ಎಲ್ಲರದೂ ಗೊತ್ತಿಲ್ಲ, ಒಬ್ಬರದು ಗೊತ್ತು ಎಂದು ನಾನು ಬಾಯಿ ಬಿಟ್ಟೆ. ಅಂಗಡಿ, ಕಾಫಿ, ಹತ್ತು ದಿನ, ಎಲ್ಲ ಹೇಳಿದೆ. ಗುಂಪಿನ ವಿಷಯವನ್ನು ಮಾತ್ರ ಹೇಳಲಾಗಲಿಲ್ಲ.

ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು, ನಮ್ಮದೇ ಆಫೀಸಿನವಳು, ನಗುತ್ತಾ ಕೇಳಿದಳು: "ಮಾತಾಡ್ಸೋರು ಬೇಕು ಅಂತ ಗನ್ ತಗೋಬೇಕಿತ್ತಾ ಸಾರ್? ನೀವು ಪಕ್ಕದ ಮನೇಲೇ ಇದ್ರಲ್ಲಾ."

ಎಲ್ಲರೂ ನಕ್ಕರು. ಅವಳು ತಮಾಷೆಗೆ ಕೇಳಿದ್ದಳು, ಪಾಪ, ಅವಳಿಗೇನು ಗೊತ್ತು. ಹೌದಮ್ಮ, ಪಕ್ಕದ ಮನೆಯಲ್ಲೇ ಇದ್ದೆ ಎಂದೆ.