ಹಿಮದ ಗರಡಿಯ ಗುರುನಾಥ ಕಾಕಾ

ಗುರುನಾಥ ಕಾಕಾ ಸ್ಕೀ ಹಲಗೆ ಹತ್ತುವ ಮುಂಚೆ ಬಗ್ಗಿ, ಬಲಗೈಯ ಗವಸು ಕಳಚಿ, ಒಂದು ಚಿಟಿಕೆ ಹಿಮ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಪೈಲ್ವಾನರು ಅಖಾಡಕ್ಕೆ ಇಳಿಯುವಾಗ ಮಣ್ಣು ಮುಟ್ಟುತ್ತಾರಲ್ಲ, ಥೇಟ್ ಹಾಗೆ. ಅವರ ಹಿಂದೆ ಸಾಲಾಗಿ ನಿಂತ ಹತ್ತು ಹನ್ನೆರಡು ಮಕ್ಕಳು, ಬಿಳಿಯರು, ಚೀನಿಯರು, ನಮ್ಮವರು, ಎಲ್ಲವೂ ಗವಸು ಕಳಚಿ ಹಾಗೇ ಮಾಡುತ್ತಿದ್ದವು. ಯಾಕೆ ಅಂತ ಒಂದಕ್ಕೂ ಗೊತ್ತಿರಲಿಲ್ಲ. ತಾಯಿಯೊಬ್ಬಳು ಕೇಳಿದ್ದಕ್ಕೆ ಅವಳ ಹುಡುಗ, ಇವತ್ತಿನ ಹಿಮ ಗಟ್ಟಿಯೋ ಮೆದುವೋ ಅಂತ ಕಾಕಾ ಕಣ್ಣಿನಲ್ಲೇ ಪರೀಕ್ಷೆ ಮಾಡುತ್ತಾರೆ ಅಂದನಂತೆ.

ಕಾಕಾ ಧಾರವಾಡದ ಕಡೆಯವರು. ಅವರ ತಂದೆ ಗರಡಿಯಲ್ಲಿ ಉಸ್ತಾದರಾಗಿದ್ದರಂತೆ. ಕಾಕಾ ಎಂಜಿನಿಯರಾಗಿ ಇಲ್ಲಿಗೆ ಬಂದು, ಲಿವರ್‌ಮೋರಿನಲ್ಲಿ ಮನೆ ಮಾಡಿ, ಐವತ್ತು ದಾಟಿದ ಮೇಲೆ ಸ್ಕೀ ಕಲಿತವರು. ರಿಟೈರಾದ ಮೇಲೆ ಟಾಹೋ ಬೆಟ್ಟದಲ್ಲಿ ಮಕ್ಕಳಿಗೆ ಸ್ಕೀ, ಸ್ನೋಬೋರ್ಡು ತರಬೇತಿ ಕೊಡುವ ಒಂದು ಕ್ಲಬ್ಬಿನಲ್ಲಿ ಚಳಿಗಾಲದ ಶನಿವಾರ ಭಾನುವಾರಗಳಂದು ಸಂಬಳವಿಲ್ಲದೆ ದುಡಿಯುತ್ತಿದ್ದರು. ಜಾಕೆಟ್ಟಿನೊಳಗೆ, ಎದೆಯ ಬಿಸಿಗೆ ತಾಗುವಂತೆ, ಶೇಂಗಾ ಚಟ್ನಿಪುಡಿ ಸವರಿ ಸುತ್ತಿದ ಜೋಳದ ರೊಟ್ಟಿ ಇಟ್ಟುಕೊಂಡಿರುತ್ತಿದ್ದರು. ಮಕ್ಕಳು ತಮ್ಮ ಚಾಕಲೇಟು ಕೊಟ್ಟು ಅದನ್ನು ಕಿತ್ತು ತಿನ್ನುತ್ತಿದ್ದವು. "ಬೀಳಾಕ ಬರಲಾರದವಗ ನಿಲ್ಲಾಕ ಬರೂದಿಲ್ಲ" ಅನ್ನುವುದು ಅವರ ಮೊದಲ ಪಾಠ. ಮೊದಲ ದಿನವೆಲ್ಲ ಬೀಳಿಸುವುದೇ. ಎಡಕ್ಕೆ ಬೀಳು, ಬಲಕ್ಕೆ ಬೀಳು, ಏಳು, ಮೈ ಝಾಡಿಸು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಮೈಸೂರಿನ ಹೋಟೆಲೊಂದರಲ್ಲಿ ಕೆಲಸ ಕೇಳಲು ಹೋದಾಗ ದೋಸೆ ಹುಯ್ಯಲು ಬರುತ್ತದೆಯೇ ಎಂದರು. ಬರುತ್ತದೆ ಎಂದೆ. ಅಲ್ಲಿಯವರೆಗೆ ಕಾವಲಿಯ ಹತ್ತಿರ ಸುಳಿದವನಲ್ಲ. ಬೆಳಿಗ್ಗೆಯೆಲ್ಲ ಸೀಯಿಸಿದೆ, ಸಂಜೆಯ ಹೊತ್ತಿಗೆ ಕಲಿತೆ. ಅದೇ ಕಾವಲಿ ನನ್ನನ್ನು ಸ್ಯಾನ್ ಹೊಸೆವರೆಗೆ ತಂದಿತು. ಇವತ್ತು ನನ್ನದೇ ಅಡುಗೆಮನೆಯಿದೆ. ಮದುವೆ, ನಾಮಕರಣ, ಹುಟ್ಟುಹಬ್ಬಗಳಿಗೆ ಊಟ ಕಳಿಸುತ್ತೇನೆ. ಹಾಗಾಗಿ, ಏನು ಬರುತ್ತದೆ ಎಂದು ಯಾರಾದರೂ ಕೇಳಿದರೆ ಏನೂ ಬರುವುದಿಲ್ಲ ಎಂದು ಬರೆಯುವ ಕೈ ನನ್ನದಲ್ಲ.

ಎಡವಿದ್ದೂ ಅಲ್ಲೇ. ಒಬ್ಬ ಡಾಕ್ಟರ ಮನೆಗೆ ಊಟ ಕೊಡಲು ಹೋದಾಗ ಅವರ ಮಕ್ಕಳು ಈ ಕ್ಲಬ್ಬಿಗೆ ಹೋಗುವ ಸುದ್ದಿ ಕಿವಿಗೆ ಬಿತ್ತು. ನನ್ನ ಮಗಳು ನಿಧಿಗೆ ಆಗ ಹತ್ತು ವರ್ಷ. ಅವಳು ಯಾಕೆ ಹೋಗಬಾರದು ಅನ್ನಿಸಿತು. ಸೇರಿಸಲು ಹೋದೆ. ಮಗುವಿಗೆ ಸ್ಕೀ ಎಷ್ಟು ಬರುತ್ತದೆ ಎಂದು ಫಾರ್ಮಿನಲ್ಲಿ ಐದು ಚೌಕಗಳಿದ್ದವು. ಮೊದಲನೆಯದು ಹೊಸಬರಿಗೆ, ಕೊನೆಯದು ಎಂಥ ಕಡಿದಾದ ಇಳಿಜಾರನ್ನೂ ಇಳಿಯಬಲ್ಲವರಿಗೆ. ಏನೂ ಬಾರದ ಮಗುವನ್ನು ಯಾರು ಸೇರಿಸಿಕೊಳ್ಳುತ್ತಾರೆ ಎಂದು ಕೊನೆಯದಕ್ಕೆ ಟಿಕ್ ಹಾಕಿದೆ. ಪಕ್ಕದಲ್ಲಿದ್ದ ನಿಧಿ ನನಗೆ ಬರಲ್ಲ ಎಂದು ಪಿಸುಗುಟ್ಟಿದಳು. ಸುಮ್ಮನಿರು ಎಂದೆ. ಅವಳು ಒಂದೇ ಒಂದು ದಿನ, ಮಕ್ಕಳ ದಿಬ್ಬದ ಮೇಲೆ, ಬಾಡಿಗೆ ಹಲಗೆ ಕಟ್ಟಿಕೊಂಡು ಜಾರಿದ್ದವಳು.

ಮೊದಲ ದಿನ ಫಾರ್ಮು ನೋಡಿಕೊಂಡು ಅವಳನ್ನು ದೊಡ್ಡ ಮಕ್ಕಳ ಜೊತೆ, ತಂತಿಗೆ ತೂಗುವ ಕುರ್ಚಿಯ ಲಿಫ್ಟಿನಲ್ಲಿ ಮೇಲಕ್ಕೆ ಕಳಿಸಿದರು. ಉಳಿದವರೆಲ್ಲ ಬಾಣದ ಹಾಗೆ ಇಳಿದು ಬಂದರು. ನಿಧಿ ಬರಲಿಲ್ಲ. ಕಾಫಿ ಹಿಡಿದು ಕೆಳಗೆ ನಿಂತ ನಮಗೆ ಮೇಲೆ ಒಂದು ಕೆಂಪು ಚುಕ್ಕೆ ಮಾತ್ರ ಕಾಣುತ್ತಿತ್ತು, ಅವಳ ಜಾಕೆಟ್ಟು. ಕಾಕಾ ಮೇಲೆ ಹೋಗಿ, ಅವಳಿಗೆ ಎದುರಾಗಿ ನಿಂತು, ತಾವು ಹಿಂದುಹಿಂದಕ್ಕೆ ಜಾರುತ್ತ, ಅವಳ ಎರಡೂ ಕೈ ಹಿಡಿದು ಇಳಿಸಿಕೊಂಡು ಬಂದರು. ಒಂದು ಗಂಟೆಗೂ ಹೆಚ್ಚು ಹಿಡಿಯಿತು.

ಕ್ಲಬ್ಬಿನ ಮೇಲ್ವಿಚಾರಕಿ, ಡಾಕ್ಟರ ದಂಪತಿ, ಉಳಿದ ತಂದೆತಾಯಿಗಳು ಎಲ್ಲರೂ ಸುತ್ತ ನೆರೆದಿದ್ದರು. ಕಾಕಾ ನನ್ನ ಕಡೆ ತಿರುಗಿ, ಫಾರ್ಮ್ ಯಾರು ತುಂಬಿದ್ದು ಎಂದು ಇಂಗ್ಲಿಷಿನಲ್ಲೇ ಕೇಳಿದರು.

ನಾನು ನಿಧಿಯನ್ನು ತೋರಿಸಿದೆ. ಅವಳೇ ತುಂಬಿದ್ದು, ನನಗೆ ಗೊತ್ತೇ ಆಗಲಿಲ್ಲ ಎಂದೆ.

ಮಗಳು ಒಂದು ಸಲ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಮೇಲ್ವಿಚಾರಕಿ ಅವಳ ಮುಂದೆ ಮಂಡಿಯೂರಿ, ಇಂಥ ವಿಷಯದಲ್ಲಿ ಸುಳ್ಳು ಬರೆದರೆ ಪ್ರಾಣಕ್ಕೇ ಅಪಾಯ ಎಂದು ತಿಳಿಹೇಳಿದಳು. ನಿಧಿ ಸಾರಿ ಎಂದಳು. ಕಾಕಾ ಅವಳನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

ಸಂಜೆ ಪಾರ್ಕಿಂಗಿನಲ್ಲಿ ನಾನು ಹಿಮದಲ್ಲಿ ಜಾರದಂತೆ ಕಾರಿನ ಚಕ್ರಕ್ಕೆ ಚೈನು ಬಿಗಿಯುತ್ತಿದ್ದಾಗ ಕಾಕಾ ಬಂದು ಪಕ್ಕದಲ್ಲಿ ಕೂತು ಇನ್ನೊಂದು ತುದಿ ಹಿಡಿದರು.

"ತಮ್ಮಾ, ಟಿಕ್ ಹಾಕಿದ್ದು ದೊಡ್ಡದಲ್ಲ. ಗುಡ್ಡದ ಮ್ಯಾಲಿಂದ ಇಳಿಯೂ ಮುಂದ ಆಕಿ ಕಾಲು ಥರಥರ ನಡಗತಿದ್ವು. ಅಂಥಾದ್ರಾಗ ನನಗ ಏನಂದ್ಲು ಗೊತ್ತೇನು? ಅಪ್ಪಂಗೆ ಬೈಬೇಡಿ ಅಂದ್ಲು. ನಾ ಎಲ್ಲಾರ ಮುಂದ ಕೇಳಿದ್ದು, ನೀ ನಾನಽ ಅಂತೀ ಅಂತ."

ನಾನು ಚೈನಿನ ಕೊಂಡಿ ಹುಡುಕುವವನಂತೆ ತಲೆ ಬಗ್ಗಿಸಿದೆ.

"ಆಕಿ ಮುಂದ ಕೂತು ಒಂದ ಸಲ ತಪ್ಪಾತು ಅನ್ನು. ಅಷ್ಟ."

"ಅಪ್ಪ ಆದವನು ಮಗಳ ಹತ್ರ ತಪ್ಪಾಯ್ತು ಅನ್ನೋದು ನಮ್ಮ ಕಡೆ ಇಲ್ಲ ಕಾಕಾ."

"ನಮ್ಮ ಕಡೇನೂ ಇಲ್ಲ. ನಮ್ಮ ಕಡೆ ಹಿಮಾನೂ ಇರಲಿಲ್ಲ. ಕಲತಿಲ್ಲೇನು?"

ಕಾಕಾ ಈ ಸಂಗತಿಯನ್ನು ಕ್ಲಬ್ಬಿನಲ್ಲಿ ಯಾರಿಗೂ ಹೇಳಲಿಲ್ಲ. ನಿಧಿಯನ್ನು ತಮ್ಮ ಹೊಸಬರ ಗುಂಪಿಗೆ ಹಾಕಿಕೊಂಡು ಬೀಳುವುದರಿಂದ ಶುರುಮಾಡಿದರು. ತಿರುವು ತೆಗೆದುಕೊಳ್ಳುವಾಗ ಒಂದು, ಎರಡು, ಮೂರು ಎಂದು ಕನ್ನಡದಲ್ಲೇ ಎಣಿಸಬೇಕು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನನ್ನ ಮಗಳು ಬೆಟ್ಟದ ಮೇಲಿಂದ ಕನ್ನಡದಲ್ಲಿ ಎಣಿಸುತ್ತ ಇಳಿಯುತ್ತಿದ್ದಳು. ಮರುವರ್ಷದ ಚಳಿಗಾಲದಲ್ಲಿ ಅದೇ ಕಡಿದಾದ ಇಳಿಜಾರನ್ನು ಒಬ್ಬಳೇ ಇಳಿದು ಬಂದು ಕಾಕಾರ ಮುಂದೆ ಸರ್ರನೆ ನಿಂತಳು. ಹಲಗೆಯಿಂದ ಚಿಮ್ಮಿ ಅವರ ಮೀಸೆಯೆಲ್ಲ ಹಿಮವಾಯಿತು. ಅದನ್ನು ಒರೆಸಿಕೊಳ್ಳದೆ ಅವರು ನಗುತ್ತಲೇ ಇದ್ದರು.

ನನ್ನನ್ನು ಕಂಡಾಗ ಮಾತ್ರ ಒಂದೇ ಮಾತು ಕೇಳುತ್ತಿದ್ದರು: "ಆತೇನು?" ನಾನು, ಆಗುತ್ತೆ ಕಾಕಾ, ಅನ್ನುತ್ತಿದ್ದೆ. ಅವರು ಚಟ್ನಿಪುಡಿ ಮಾಡಿಕೊಡಲು ಹೇಳಿರಬೇಕು, ಅದಿನ್ನೂ ಆಗಿಲ್ಲ ಎಂದುಕೊಂಡು ನನ್ನ ಹೆಂಡತಿ ಗೀತಾ ಒಂದು ಸಲ ಎರಡು ಡಬ್ಬಿ ಮಾಡಿ ಕಳಿಸಿಬಿಟ್ಟಳು. ಕಾಕಾ ಡಬ್ಬಿ ಇಸಿದುಕೊಂಡು, ಇದೂ ಛಲೋ ಆತು, ಅದು ಯಾವಾಗ ಎಂದರು.

ನಾನು ಪ್ರಯತ್ನ ಮಾಡಲಿಲ್ಲ ಎಂದಲ್ಲ. ಬೆಟ್ಟದಿಂದ ಮನೆಗೆ ನಾಲ್ಕು ಗಂಟೆಯ ದಾರಿ. ಫ್ರೀವೇ ಸೇರಿ ಕಾರು ಒಂದೇ ಹದದಲ್ಲಿ ಓಡತೊಡಗಿದ ಮೇಲೆ ಎಷ್ಟೋ ಸಲ ಬಾಯಿ ತೆರೆದಿದ್ದೇನೆ. "ನಿಧಿ" ಅನ್ನುತ್ತಿದ್ದೆ. ಅವಳು ಕಿವಿಯಿಂದ ಹಾಡಿನ ತಂತಿ ತೆಗೆದು ಕಾಯುತ್ತಿದ್ದಳು. ಹಸಿವಾಯ್ತಾ ಎಂದು ಕೇಳಿ ಮುಗಿಸುತ್ತಿದ್ದೆ. ಬೆವರು ಸುರಿಸಿ ದುಡಿದು ತಲೆಯೆತ್ತಿ ನಿಂತ ಗಂಡಸಿಗೆ ಅದೊಂದು ಮಾತು ನಾಲಿಗೆಯಿಂದ ಈಚೆಗೆ ಬರುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಕಾಕಾ ಬೆಟ್ಟಕ್ಕೆ ಬರಲಿಲ್ಲ. ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ಅದು ಹೊಟ್ಟೆಯೆಲ್ಲ ಹರಡಿತ್ತು. ಗಂಜಿ ಮಾಡಿಕೊಂಡು ಲಿವರ್‌ಮೋರಿಗೆ ಹೋದೆ. ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದರು. ನನ್ನ ಮಗಳನ್ನು ಬೆಟ್ಟದಿಂದ ಇಳಿಸಿದ ಆ ಕೈಗಳು ಒಣಗಿದ ನುಗ್ಗೆಕಾಯಿಯ ಹಾಗೆ ಆಗಿದ್ದವು. ನಾಲ್ಕು ಚಮಚ ಗಂಜಿ ಕುಡಿದು, ಉಸಿರು ಸೇರಿಸಿಕೊಂಡು, "ಆತೇನು?" ಎಂದರು.

ಆ ಮುಖ ನೋಡಿಕೊಂಡು ಇಲ್ಲ ಎನ್ನಲು ಆಗಲಿಲ್ಲ. "ಆಯ್ತು ಕಾಕಾ" ಎಂದೆ.

"ಹಗೂರಾತಲ್ಲ?" ಎಂದರು. ಹೂಂ ಎಂದೆ. ಅವರು ನನ್ನ ಕೈ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ವಾರದೊಳಗೆ ಹೋಗಿಬಿಟ್ಟರು.

ಹದಿಮೂರನೆಯ ದಿನದ ಅಡುಗೆ ನಾನೇ ಮಾಡುತ್ತೇನೆ ಎಂದೆ. ಅದಕ್ಕೆಂದು ಹಿಡಿದಿದ್ದ ಸಭಾಂಗಣದ ಹಿಂದಿನ ಅಡುಗೆಮನೆಯಲ್ಲಿ ಸಾರು ಕುದಿಯುತ್ತಿದ್ದಾಗ ಕಾಕಾರ ಹೆಂಡತಿ, ನಾವೆಲ್ಲ ಕಾಕು ಅನ್ನುವವರು, ಬಂದು ನನ್ನ ಪಕ್ಕ ನಿಂತರು.

"ನೀ ಬಂದು ಹೋದ ಮರುದಿನ ನಿಮ್ಮ ನಿಧಿಗೆ ಫೋನ್ ಹಚ್ಚಿಸಿದ್ರು," ಅಂದರು. "ಅಪ್ಪ ತಪ್ಪಾತು ಅಂದಾನೇನವಾ ಅಂತ ಕೇಳಿದ್ರು. ಹೂಂ ಕಾಕಾ, ಕಾರಿನಾಗ ಅಂದ್ರು, ಅತ್ತೂ ಬಿಟ್ರು, ಅಂದ್ಲಂತ ಆಕಿ. ಎಷ್ಟ ಖುಷಿ ಆಗಿತ್ತಂತಿ ಅವರಿಗೆ. ನಿನ್ನ ಭಾಳ ಹೊಗಳಿದ್ರು."

ಕಾಕು ಹೋದ ಮೇಲೆ ನಾನು ಒಲೆ ಆರಿಸಿ ಹಿಂಬಾಗಿಲ ಹೊರಗೆ ಬಂದೆ. ನಿಧಿ ಕಾರಿನಿಂದ ಊಟದ ಎಲೆಗಳ ಕಟ್ಟು ಎತ್ತಿಕೊಂಡು ಬರುತ್ತಿದ್ದಳು. ಅವಳಿಗೆ ಅಡ್ಡ ನಿಂತೆ. ಎರಡು ವರ್ಷ ಬಾರದ ಮಾತು ಆಗ ಸಲೀಸಾಗಿ ಬಂದುಬಿಟ್ಟಿತು. "ತಪ್ಪಾಯ್ತು ಮಗಳೇ. ಅವತ್ತು ನಿನ್ನ ಮೇಲೆ ಹಾಕಿದ್ದು ನಂದೇ ತಪ್ಪು."

ಅವಳು ಅಳಲಿಲ್ಲ. ಎಲೆಯ ಕಟ್ಟನ್ನು ಎದೆಗೆ ಒತ್ತಿ ಹಿಡಿದು, ಪದ ಪದ ಹುಡುಕಿ, ಕನ್ನಡದಲ್ಲೇ ಹೇಳಿದಳು.

"ಕಾಕಾಗೆ ನಾನು ಹೇಳಿದ ಲಾಸ್ಟ್ ಮಾತು ಸುಳ್ಳು, ಅಪ್ಪ."

ಪಂಕ್ತಿಯಲ್ಲಿ ಜನ ಕೂತಾಗಿತ್ತು. ಅವಳು ನನ್ನನ್ನು ಬಳಸಿಕೊಂಡು ಎಲೆ ಹಾಕಲು ಒಳಗೆ ಹೋದಳು.