ಕೈಗಲ್ ಜಲಪಾತದಲ್ಲಿ ಮುರಿದ ಮೌನ

ಮುನಿಯಪ್ಪ, ಸೆಲ್ವಂ ಇಬ್ಬರೂ ನನ್ನ ಹಳೆಯ ಗೆಳೆಯರು. ಊರಿಗಾಂನ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ತನ್ನ ಮದುವೆಗೆ ಸೆಲ್ವಂ ಬರಲಿಲ್ಲವೆಂದು ಮುನಿಯಪ್ಪ ಅವನೊಡನೆ ಮಾತು ಬಿಟ್ಟಿದ್ದ. ರಜೆಯಲ್ಲಿ ಅವರನ್ನು ನೋಡಲು ಹೋದ ನಾನು, ಇಬ್ಬರನ್ನೂ ಒಂದು ಮಾಡಿಯೇ ತೀರುತ್ತೇನೆಂದು ಹೊರಟೆ. ಒಬ್ಬ ಬರುವುದನ್ನು ಇನ್ನೊಬ್ಬನಿಗೆ ತಿಳಿಸದೆ ಕೈಗಲ್ ಜಲಪಾತಕ್ಕೆ ಹೊರಡಿಸಿದೆ.

ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸಿನ ಹತ್ತಿರ ಎದುರಾದಾಗ, "ಇವನ್ಯಾಕೆ ಬಂದ?" ಎಂದು ಇಬ್ಬರೂ ನನ್ನನ್ನೇ ಕೇಳಿದರು. ಆದರೆ ಹೆಂಡತಿ ಕಟ್ಟಿಕೊಟ್ಟ ಬುತ್ತಿಯನ್ನು ಹಾಗೇ ವಾಪಸ್ ಒಯ್ಯುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಜಲಪಾತದ ಬಂಡೆಗಳು ಪಾಚಿಗಟ್ಟಿದ್ದವು. ಮುಂದೆ ನಡೆಯುತ್ತಿದ್ದ ಮುನಿಯಪ್ಪ ಕಾಲು ಜಾರಿ ಮಡುವಿನ ಕಡೆಗೆ ಉರುಳಿದ. ಅವನಿಗೆ ಈಜು ಬಾರದು. ನಾನು ಕೂಗುವಷ್ಟರಲ್ಲಿ ಸೆಲ್ವಂ ಬಂಡೆಯ ಮೇಲೆ ಬೋರಲು ಬಿದ್ದು ಅವನ ಅಂಗಿಯ ಕೊರಳಪಟ್ಟಿ ಹಿಡಿದಿದ್ದ.

"ಡೇಯ್ ಮುನಿಯಾ, ಈಗಾದ್ರೂ ಮಾತಾಡ್ತೀಯಾ?" ನೀರಿನ ಸದ್ದನ್ನು ಮೀರಿ ಸೆಲ್ವಂ ಕಿರುಚಿದ.

"ಅಂಗಿ ಅರೀತಾ ಐತೆ ಕಣ್ಲಾ, ಮೊದ್ಲು ಕೈ ಇಡ್ಕೋ!"

ನಾನೂ ಸೆಲ್ವಂನೂ ಸೇರಿ ಅವನನ್ನು ಮೇಲಕ್ಕೆಳೆದೆವು. ಸೆಲ್ವಂ ಅವನ ಪಕ್ಕದಲ್ಲೇ ಕೂತು, "ನಿನ್ ಮದ್ವೆ ದಿನ ನಂಗೆ ಜ್ವರ..." ಎಂದು ಶುರುಮಾಡಿದ.

"ಸುಮ್ನೆ ಉಣ್ಣಲಾ," ಎಂದು ಮುನಿಯಪ್ಪ ತನ್ನ ಬುತ್ತಿಯನ್ನು ಬಿಚ್ಚಿ ಅವನ ಮುಂದಿಟ್ಟ.

ಮರಳುವಾಗ ಬಸ್ಸು ತುಂಬಿತ್ತು. ಸಿಕ್ಕ ಒಂದೇ ಸೀಟಿನಲ್ಲಿ ಇಬ್ಬರೂ ಒತ್ತಿಕೊಂಡು ಕೂತು ಹರಟಿದರು. ರಾಬರ್ಟ್‌ಸನ್‌ಪೇಟೆಯವರೆಗೂ ನಿಂತೇ ಬಂದ ನನ್ನನ್ನು ಒಬ್ಬನೂ ತಿರುಗಿ ನೋಡಲಿಲ್ಲ.