ಬಚ್ಚಲ ಮಗ್ಗುಲಿನ ಐರಿಸ್

ಅರಸೀಕೆರೆಯ ಬಿಸಿಲಿಗೆ ತೆಂಗಿನ ಮರವೇ ಸುಸ್ತಾಗಿ ಗರಿ ಇಳಿಬಿಡುವಾಗ, ದ್ರಾಕ್ಷಾಯಣಿ ಸದಾ ಒದ್ದೆ ನೆಲ ಬೇಡುವ ಐರಿಸ್ ಹೂಗಿಡ ಬೆಳೆಸಲು ಹೊರಟಿದ್ದರು. ಹಟವೆಂದರೆ ಹಟ! ಬೆಂಗಳೂರಿನ ನರ್ಸರಿಯಿಂದ ತಂದ ಗೆಡ್ಡೆಯನ್ನು ಬಚ್ಚಲ ನೀರು ಹರಿಯುವಲ್ಲಿ ನೆಟ್ಟು, ಸುತ್ತ ತೆಂಗಿನ ಸಿಪ್ಪೆ ಮುಚ್ಚಿ, ಅಕ್ಕಿ ತೊಳೆದ ನೀರನ್ನೂ ಅದಕ್ಕೇ ಸುರಿದು ಸಾಕಿದರು. ಎರಡು ವರ್ಷವಾದರೂ ಎಲೆಯೇ ಹೊರತು ಹೂವಿಲ್ಲ.

“ಏನ್ರೀ, ಹುಲ್ಲು ಸಾಕ್ತಿದೀರಾ?” ಎಂದು ಬಂದವರೆಲ್ಲ ಕೇಳುವವರೇ. ಕೊಬ್ಬರಿ ವ್ಯಾಪಾರದ ಗಂಡ ಸಿದ್ದಬಸಪ್ಪನವರಂತೂ “ಒಂದು ಹಸು ತಂದ್ಬಿಡ್ಲಾ?” ಎಂದು ನಗುತ್ತಿದ್ದರು. ರೋಸಿಹೋದ ದ್ರಾಕ್ಷಾಯಣಿ ಒಂದು ದಿನ, “ಅದು ಬಜೆ ಕಣ್ರೀ, ಮಕ್ಕಳಿಗೆ ತೇಯ್ದು ನೆಕ್ಕಿಸೋ ಬಜೆ” ಎಂದುಬಿಟ್ಟರು. ಎಲೆಯೂ ಹಾಗೇ ಇತ್ತು, ಎಲ್ಲರೂ ನಂಬಿದರು. ಊರ ಬಾಯಿ ಮುಚ್ಚಿಸಿದ ಖುಷಿಯಲ್ಲಿ ಆಕೆ ಆ ಸುಳ್ಳನ್ನು ಮರೆತೇಬಿಟ್ಟರು.

ಮಾಘದಲ್ಲಿ ಬೇಲೂರಿನ ಮದುವೆ ಮುಗಿಸಿ ಬಂದು ನೋಡಿದರೆ ಐರಿಸ್ ಬುಡದ ಒಂದು ಮೂಲೆಯನ್ನು ಯಾರೋ ಗೆಡ್ಡೆ ಸಮೇತ ಕಿತ್ತಿದ್ದರು. ಪಕ್ಕದ ಮನೆಯ ಅನುಸೂಯಮ್ಮನ ಸೊಸೆ ರಾಣಿ ಗೋಡೆಯಾಚೆಯಿಂದ ಕೂಗಿದಳು: “ಆಂಟಿ, ಪಾಪೂಗೆ ಅಂತ ಅತ್ತೆ ಬಜೆ ಕಿತ್ಕೊಂಡ್ರು. ಈಗ್ತಾನೇ ತೇಯ್ತಾ ಇದ್ರು.”

ದ್ರಾಕ್ಷಾಯಣಿ ಕೈಲಿದ್ದ ಚೀಲವನ್ನು ಅಲ್ಲೇ ಬಿಸಾಕಿದರು. ಐರಿಸ್ ಗೆಡ್ಡೆ ವಿಷ. ಬಾಯಿಗೆ ತಾಕಿಸಬೇಡಿ ಎಂದು ನರ್ಸರಿಯವನು ಎರಡೆರಡು ಸಲ ಹೇಳಿದ್ದ. ಅದು ಮೂರು ತಿಂಗಳ ಕೂಸು! ಅಯ್ಯೋ ಶಿವನೇ, ನನ್ನ ನಾಲಿಗೆ ಸೇದಿಹೋಗಬಾರದಿತ್ತೇ ಎನ್ನುತ್ತಾ ಚಪ್ಪಲಿ ಮೆಟ್ಟದೆ ಓಡಿದರು.

ತೊಟ್ಟಿಲಲ್ಲಿ ಮಗು ಕಾಲು ಬಡಿಯುತ್ತಾ ನಗುತ್ತಿತ್ತು. ಪಕ್ಕದಲ್ಲಿ ಅನುಸೂಯಮ್ಮ ತುಟಿ ಊದಿಸಿಕೊಂಡು, ಮಜ್ಜಿಗೆ ಮುಕ್ಕಳಿಸುತ್ತಾ ಕೂತಿದ್ದರು.

“ಮಗೂಗೆ ಕೊಟ್ರಾ?”

“ನೀನು ಹೇಳ್ದೆ ಅಂತ ಕೊಟ್ಬಿಡ್ತೀನಾ? ಮಗೀಗೆ ಏನೇ ಕೊಡು, ಮೊದ್ಲು ನಿನ್ ನಾಲಿಗೆ ಮ್ಯಾಲೆ ಇಟ್ಕೊಂಡು ನೋಡು ಅಂತ ನಮ್ಮವ್ವ ಹೇಳಿದ್ಲು. ಬಜೆ ಘಾಟೂ ಇಲ್ಲ, ಏನೂ ಇಲ್ಲ, ಬೆಂಕಿ ಬಿದ್ದಂಗೆ ಉರೀತೈತೆ ಕಣೇ! ಎಂಥಾ ಬಜೆನೇ ಇದು?”

ದ್ರಾಕ್ಷಾಯಣಿ ತೊಟ್ಟಿಲ ಪಕ್ಕ ಕೂತು, ಅಳುತ್ತಾ ನಗುತ್ತಾ ನಿಜ ಹೇಳಿದರು. ಹೊಟ್ಟೆ ತುಂಬ ಬೈಸಿಕೊಂಡರು. ಬೈಸಿಕೊಂಡಷ್ಟೂ ಮನಸ್ಸು ಹಗುರಾಯಿತು. ಆಟೋ ತರಿಸಿ ಅನುಸೂಯಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ದರು. ನಾಳೆಗೆ ಊತ ಇಳಿಯುತ್ತದೆ ಎಂದರು ಡಾಕ್ಟರು, ಇಳಿಯಿತು.

ಫಾಲ್ಗುಣದಲ್ಲಿ ಐರಿಸ್ ಕೊನೆಗೂ ನೀಲಿ ಹೂ ಬಿಟ್ಟಿತು. ಬಂದವರು “ಏನ್ರೀ ಈ ಗಿಡ?” ಎಂದರೆ, ದ್ರಾಕ್ಷಾಯಣಿ ಬಾಯಿ ತೆರೆಯುವ ಮೊದಲೇ, ಮೊಮ್ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡ ಅನುಸೂಯಮ್ಮ ಅಡ್ಡ ಬರುತ್ತಿದ್ದರು: “ಅವಳನ್ನ ಕೇಳ್ಬ್ಯಾಡಿ, ನನ್ನ ಕೇಳಿ. ತಿಂದು ನೋಡಿರೋಳು ನಾನು.”